ಮಂಗಳವಾರ ಬಂದು ಹೋದವಳು

ಇಲ್ಲದ ಮನುಷ್ಯರು ಕಾಣುತ್ತಾರೆ, ಖಾಲಿ ಕೋಣೆಯಲ್ಲಿ ಮಾತು ಕೇಳುತ್ತದೆ ಎಂದು ಬಂದವರ ಹೇಳಿಕೆಗಳನ್ನು ಹನ್ನೊಂದು ವರ್ಷ ಬರೆದುಕೊಂಡು ಡಾಕ್ಟರ ಟೇಬಲ್ಲಿಗೆ ಕಳಿಸಿದವಳು ನಾನು. ದೆವ್ವ, ಮಾಟ, ಗಾಳಿ ಎಂದವರಿಗೆ, ಇದು ಕಾಯಿಲೆ, ಗುಳಿಗೆಯಿಂದ ಕಡಿಮೆಯಾಗುತ್ತದೆ ಎಂದು ತಿಳಿಸಿ ಹೇಳುವುದೇ ನನ್ನ ಕೆಲಸವಾಗಿತ್ತು. ಬಾಯಿಪಾಠ ಮಾಡಿ ಹೇಳುತ್ತಿರಲಿಲ್ಲ, ನಿಜವಾಗಿ ನಂಬಿದ್ದೆ. ಈಗಲೂ ಬಹುಮಟ್ಟಿಗೆ ನಂಬುತ್ತೇನೆ. ಆದ್ದರಿಂದ ನಾನೀಗ ಹೇಳಹೊರಟಿರುವುದನ್ನು ಬೇರೆ ಯಾರಾದರೂ ನನ್ನ ಎದುರು ಕೂತು ಹೇಳಿದ್ದರೆ ಅವರ ಹೆಸರಿನ ಮುಂದೆ ಏನು ಬರೆಯುತ್ತಿದ್ದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ನೀವೂ ಹಾಗೆಯೇ ಬರೆದುಕೊಳ್ಳಬಹುದು, ನನ್ನ ತಕರಾರಿಲ್ಲ.

ನಾನಿದ್ದದ್ದು ಒಂದು ಸಣ್ಣ ಸೇವಾ ಸಂಸ್ಥೆಯಲ್ಲಿ. ಮನಸ್ಸು ಕೆಟ್ಟವರ ಜೊತೆ, ಸಾಯಬೇಕು ಅನ್ನಿಸಿದವರ ಜೊತೆ ಕೂತು ಮಾತಾಡುವುದು, ಅವರನ್ನು ಔಷಧದವರೆಗೆ ಕರೆತರುವುದು, ಬರುವುದನ್ನು ನಿಲ್ಲಿಸಿದವರ ಮನೆಗೇ ಹೋಗಿ ನೋಡುವುದು ನಮ್ಮ ಕೆಲಸ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರಕ್ಕೂ ಸೇರಿ ನಾವು ಇಬ್ಬರೇ. ತಿಂಗಳಿಗೊಮ್ಮೆ ಡಾಕ್ಟರು ಬರುತ್ತಿದ್ದರು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆಯ ಹಿಂದೆ ಒಂದು ಬಾಡಿಗೆ ಕೋಣೆಯಿತ್ತು. ಮಂಗಳವಾರ ನನ್ನ ಪಾಳಿ. ಸುಗ್ಗಿಯ ದಿನಗಳಲ್ಲಿ ಅಲ್ಲಿ ಕೂತು ಮಾತಾಡುವುದೇ ಕಷ್ಟ, ಮೆಣಸಿನಕಾಯಿಯ ಘಾಟಿಗೆ ಅಳುತ್ತಿದ್ದವರೂ ಕೆಮ್ಮುತ್ತಿದ್ದರು, ಕೇಳುತ್ತಿದ್ದ ನಾನೂ ಸೀನುತ್ತಿದ್ದೆ.

ನೂರಜಹಾನಳನ್ನು ಆ ಕೋಣೆಗೆ ಕರೆತಂದದ್ದು ಅವಳ ಅತ್ತೆ ಖಾತೂನ್‌ಬಿ. ನೂರಜಹಾನಳಿಗೆ ಮೂವತ್ತು ದಾಟಿರಲಿಲ್ಲ. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯ ಹೆಂಗಸರ ರವಿಕೆ, ಮಕ್ಕಳ ಬಟ್ಟೆ ಹೊಲಿಯುತ್ತಿದ್ದಳು. ಗಂಡ ಲಾರಿ ಓಡಿಸುವವನು, ವಾರಗಟ್ಟಲೆ ಊರಲ್ಲಿರುತ್ತಿರಲಿಲ್ಲ. ಹುಟ್ಟಿದ ಕೂಸು ಹನ್ನೊಂದೇ ದಿನಕ್ಕೆ ಹೋಗಿತ್ತು. ಆಮೇಲೆ ಅವಳು ಯಂತ್ರ ಮುಟ್ಟಲಿಲ್ಲ, ಸರಿಯಾಗಿ ಉಣ್ಣಲಿಲ್ಲ, ಅಳಲೂ ಇಲ್ಲ. ಸಾಯಬೇಕು ಅನ್ನಿಸುತ್ತದೆಯೇ ಎಂದು ನಾನು ನೇರವಾಗಿಯೇ ಕೇಳಿದೆ. ಹಾಗೆ ಕೇಳಲು ಜನ ಹೆದರುತ್ತಾರೆ, ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂದುಕೊಳ್ಳುತ್ತಾರೆ. ಹಾಗೇನಿಲ್ಲ. ಅವಳು ಹೌದು ಎಂದು ತಲೆಯಾಡಿಸಿದಳು. ಅವಳನ್ನು ಒಬ್ಬಳನ್ನೇ ಬಿಡಬೇಡಿ ಎಂದು ಖಾತೂನ್‌ಬಿಗೆ ಹೇಳಿದೆ. ಡಾಕ್ಟರು ಬರಲು ಇನ್ನೂ ಹತ್ತು ದಿನವಿತ್ತು. ಮುಂದಿನ ಮಂಗಳವಾರ ಹನ್ನೊಂದಕ್ಕೆ ನಾನೇ ಮನೆಗೆ ಬರುತ್ತೇನೆ ಎಂದು ಮಾತು ಕೊಟ್ಟೆ.

ಆ ಮಂಗಳವಾರ ನಮ್ಮಂಥ ಕೆಲಸದವರನ್ನೆಲ್ಲ ಹಾವೇರಿಗೆ ಕರೆಸಿದರು. ಆತ್ಮಹತ್ಯೆ ತಡೆಯುವ ಬಗ್ಗೆಯೇ ಸಭೆ. ಬೆಳಿಗ್ಗೆ ಜಾಥಾ, ಆಮೇಲೆ ಭಾಷಣ. ನಾನು ಫಲಕ ಹಿಡಿದುಕೊಂಡು ಮುಂದಿನ ಸಾಲಿನಲ್ಲಿ ನಡೆದೆ. ಖಾತೂನ್‌ಬಿಗೆ ಫೋನು ಮಾಡಿದೆ, ಹತ್ತಲಿಲ್ಲ. ಹನ್ನೊಂದಕ್ಕೆ ನಾನು ಸಭಾಂಗಣದಲ್ಲಿ ಕೂತಿದ್ದೆ, ಗೋಡೆಯ ಗಡಿಯಾರ ನೋಡಿದ್ದು ನೆನಪಿದೆ. ನಡುವೆ ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಹಾಜರಿ ಪುಸ್ತಕದಲ್ಲಿ ಬೆಳಿಗ್ಗೆಯೂ ಮಧ್ಯಾಹ್ನವೂ ನನ್ನ ಸಹಿ ಇದೆ. ಮೂರೂವರೆಗೆ ಬಿಟ್ಟರು. ಬಸ್ಸು ಹಿಡಿದು ಬ್ಯಾಡಗಿ ಮುಟ್ಟಿದಾಗ ಐದಾಗುತ್ತ ಬಂದಿತ್ತು.

ಖಾತೂನ್‌ಬಿ ಬಾಗಿಲಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ನನ್ನನ್ನು ನೋಡಿ, "ಮತ್ಯಾಕ ಬಂದ್ರಿ ಅಕ್ಕಾರ? ಏನರ ಮರತು ಹೋಗಿದ್ರೇನು?" ಎಂದರು.

"ಈಗ ಬರಾಕತ್ತೇನಿ ಚಾಚಿ. ಹಾವೇರಿಯೊಳಗ ಮೀಟಿಂಗ್ ಇತ್ತು, ತಡಾ ಆತು," ಎಂದೆ.

ಅವರು ನಕ್ಕರು. "ಚಾಷ್ಟಿ ಮಾಡಬ್ಯಾಡ್ರಿ. ನಾ ರೇಶನ್ ತಗೊಂಡು ಬಂದಾಗ ನೀವು ಒಳಗ ಕುಂತಿದ್ರಿ. ಚಾ ಕೊಟ್ಟೆ, ಕುಡದ್ರಿ. ಇದ ಹಸರ ಸೀರಿ ಉಟ್ಟಿದ್ರಿ."

ಬೇರೆ ಯಾರೋ ಆಶಾ ಕಾರ್ಯಕರ್ತೆ ಬಂದಿರಬೇಕು, ಮುದುಕಿಗೆ ಕಣ್ಣು ಮಂಜು ಎಂದುಕೊಂಡು ಒಳಗೆ ಹೋದೆ. ನೂರಜಹಾನ್ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಊದಿಕೊಂಡಿದ್ದವು. ಅವಳು ಅತ್ತಿದ್ದಳು. ಕೂಸು ಹೋದ ಮೇಲೆ ಅದೇ ಮೊದಲು. ನಾನು ಪಕ್ಕದಲ್ಲಿ ಕೂತ ಕೂಡಲೇ ತಾನಾಗಿಯೇ ನನ್ನ ಕೈ ಹಿಡಿದುಕೊಂಡಳು.

"ನೀವು ಹನ್ನೊಂದಕ್ಕ ಬರ್ತೀರಲ್ಲ ಅಂತ ಅತ್ತಿ ರೇಶನ್ ತರಾಕ ಹ್ವಾದ್ರು," ಎಂದಳು ದನಿ ತಗ್ಗಿಸಿ. "ಅವರು ಹೋದ ಮ್ಯಾಲ ನಾ ಬಾಗಲಾ ಹಾಕ್ಕೊಂಡೆ. ಇವತ್ತ ಮುಗಸಬೇಕು ಅಂತ ಮಾಡಿದ್ದೆರಿ. ಅಷ್ಟರಾಗ ನೀವು ಬಂದ್ರಿ. ನನ್ನ ಹೆಸರು ಹಿಡದು ಕರದ್ರಿ. ನಾ ತಗಿಯೋ ಮಟಾ ಬಾಗಲಾ ಬಡದ್ರಿ."

ಏನೂ ತೋರಗೊಡದೆ, "ಆಮ್ಯಾಲ ನಾ ಏನ್ ಅಂದೆ, ನೆನಪೈತೇನು?" ಎಂದು ಕೇಳಿದೆ.

"ನನಗೇನೂ ಅನ್ಲಿಲ್ರಿ. ನಿಮ್ಮ ತಂಗಿ ಸುದ್ದಿ ಹೇಳಿದ್ರಿ. ಶೋಭಾ ಅಂತ. ಹಲಗೇರಿಯಿಂದ ಫೋನ್ ಮಾಡಿ, ಅಕ್ಕಾ ಇವತ್ತ ಬಾ ಅಂದಿದ್ಲಲ್ಲ, ನೀವು ಐತವಾರ ಬರ್ತೇನಿ ಅಂದ್ರಲ್ಲ, ಅದು. ಅಷ್ಟು ಹೇಳಿ ಅತ್ರಿ. ನನಕಿಂತ ಜಾಸ್ತಿ ಅತ್ರಿ. ನಿಮ್ಮನ್ನ ಸಮಾಧಾನ ಮಾಡೋದ್ರಾಗ ನನ್ನ ಹೊತ್ತು ಹೋತು."

ಓದುವವರಿಗೆ ಇಲ್ಲಿ ಒಂದು ವಿಷಯ ಹೇಳಲೇಬೇಕು. ನನಗೆ ಶೋಭಾ ಎಂಬ ತಂಗಿಯಿದ್ದಳು. ಅವಳನ್ನು ಹಲಗೇರಿಗೆ ಕೊಟ್ಟಿದ್ದರು. ನಾನಾಗ ರಾಣೆಬೆನ್ನೂರಿನಲ್ಲಿ ಓದುತ್ತಿದ್ದೆ, ಅಲ್ಲಿಂದ ಅವಳ ಮನೆಗೆ ಅರ್ಧ ಗಂಟೆಯ ಹಾದಿ. ಒಂದು ಗುರುವಾರ ಅವಳು ಫೋನು ಮಾಡಿ ಇವತ್ತೇ ಬಾ ಎಂದಳು. ಪರೀಕ್ಷೆ ಇದೆ, ಭಾನುವಾರ ಬರುತ್ತೇನೆ ಎಂದೆ. ಶನಿವಾರ ಅವಳು ಜೀವ ಕಳೆದುಕೊಂಡಳು. ಮನೆಯವರು ಹೃದಯಾಘಾತ ಎಂದು ಹೇಳಿ ಮಣ್ಣು ಮಾಡಿದರು. ಆ ಫೋನಿನ ಮಾತನ್ನು ನಾನು ನನ್ನ ತಾಯಿಗೆ ಹೇಳಿಲ್ಲ, ಗಂಡನಿಗೆ ಹೇಳಿಲ್ಲ. ಎಲ್ಲಿಯೂ ಬರೆದಿಟ್ಟಿರಲಿಲ್ಲ. ನನಗೊಬ್ಬ ತಂಗಿಯಿದ್ದಳೆಂಬುದೂ ಬ್ಯಾಡಗಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಬಂದದ್ದು ನಾನಲ್ಲ ಎಂದು ಆಗಲೇ ಹೇಳಬೇಕಿತ್ತೇನೋ. ಆದರೆ ಯಾವುದನ್ನು ಹಿಡಿದುಕೊಂಡು ಅವಳು ಆ ಸಂಜೆಯವರೆಗೆ ಉಳಿದಿದ್ದಳೋ ಅದನ್ನೇ ಅವಳ ಕೈಯಿಂದ ಹೇಗೆ ಕಿತ್ತುಕೊಳ್ಳಲಿ? ಹೌದು, ಹೇಳಿದ್ದೆ ಎಂದೆ. ರಾತ್ರಿಯಾಗುವವರೆಗೆ ಅಲ್ಲೇ ಕೂತೆ. ಗಂಡನಿಗೆ ಫೋನು ಮಾಡಿ ಕರೆಸಿದೆವು, ಮರುದಿನ ಮೂವರೂ ಸೇರಿ ಅವಳನ್ನು ಹಾವೇರಿಯ ದೊಡ್ಡಾಸ್ಪತ್ರೆಗೆ ಡಾಕ್ಟರ ಹತ್ತಿರ ಕರೆದೊಯ್ದೆವು.

ಗುಳಿಗೆ ನಾಟಿತು. ಎರಡು ತಿಂಗಳಿಗೆ ನೂರಜಹಾನ್ ನಿದ್ದೆ ಮಾಡತೊಡಗಿದಳು, ಯಂತ್ರದ ಮೇಲಿನ ಬಟ್ಟೆ ತೆಗೆದಳು. ಪ್ರತಿ ಮಂಗಳವಾರ ನಾನು ಹೋಗುತ್ತಿದ್ದೆ. ಆದರೆ ನನ್ನನ್ನು ನೋಡಿದಾಗಲೆಲ್ಲ ಅವಳ ಮುಖದಲ್ಲಿ ಒಂದು ಹುಡುಕಾಟ ಕಾಣುತ್ತಿತ್ತು. ಒಂದು ಸಲ ಕೇಳಿಯೇಬಿಟ್ಟಳು, "ಅವತ್ತಿನಂಗ ಮಾತಾಡ್ರಿ ಅಕ್ಕಾರ." ನಾನು ಪ್ರಯತ್ನ ಮಾಡಿದೆ. ತಂಗಿಯ ಹೆಸರು ಹೇಳಲಾಗಲಿಲ್ಲ. ಗುಳಿಗೆ ಸರಿಯಾಗಿ ತಗೊಳ್ಳಾಕತ್ತೀಯಲ್ಲ ಎಂದು ಕೇಳಿ ಎದ್ದುಬಂದೆ.

ಸಂಸ್ಥೆಯ ಯೋಜನೆ ಆ ವರ್ಷಕ್ಕೆ ಮುಗಿಯಿತು. ಬ್ಯಾಡಗಿಯ ಕೋಣೆ ಖಾಲಿ ಮಾಡಿದೆವು. ಬರುತ್ತಿದ್ದವರಿಗೆಲ್ಲ ಸಹಾಯವಾಣಿಯ ಚೀಟಿ ಕೊಟ್ಟೆವು, ಎಲ್ಲಿಗೆ ಹೋಗಬೇಕೆಂದು ಬರೆದುಕೊಟ್ಟೆವು. ನೂರಜಹಾನಳಿಗೂ ಕೊಟ್ಟೆ. ಅವಳು ಮಡಚಿ ಹೊಲಿಗೆ ಯಂತ್ರದ ಡ್ರಾದಲ್ಲಿಟ್ಟಳು. ನನಗೆ ರಾಣೆಬೆನ್ನೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಚೀಟಿ ಮಾಡಿಕೊಡುವ ಕೌಂಟರಿನಲ್ಲಿ ಕೆಲಸ ಸಿಕ್ಕಿತು. ಒಂದೆರಡು ಸಲ ಫೋನು ಮಾಡಿದೆ. ಆಮೇಲೆ ಬಿಟ್ಟುಹೋಯಿತು.

ಏಳೆಂಟು ತಿಂಗಳು ಕಳೆದ ಮೇಲೆ ಖಾತೂನ್‌ಬಿ ಕಣ್ಣು ತೋರಿಸಲು ಅದೇ ಆಸ್ಪತ್ರೆಗೆ ಬಂದರು. ನನ್ನನ್ನು ಗುರುತಿಸಿ ಕೌಂಟರಿನ ಪಕ್ಕದ ಬೆಂಚಿನ ಮೇಲೆ ಕೂತರು. ನೂರಜಹಾನ್ ಹೇಗಿದ್ದಾಳೆ ಎಂದು ನಾನು ಕೇಳುವ ಮೊದಲೇ ಅವರ ಮುಖ ನೋಡಿ ತಿಳಿಯಿತು.

"ಗುಳಿಗಿ ತೀರಿದ್ವು. ಹಾವೇರಿ ಮಟಾ ಕರಕೊಂಡು ಹೋಗವ್ರು ಯಾರೂ ಇರ್ಲಿಲ್ಲ," ಎಂದರು. "ಅವತ್ತೂ ಮಂಗಳವಾರ ಇತ್ತು. ಮುಂಜಾನಿಂದ ಹತ್ತು ಸಲ ಎದ್ದು ಬಂದು ಓಣಿ ನೋಡಿದ್ಲು. ಯಾರ ಬರವ್ರದಾರವಾ ಅಂದೆ. ಏನಿಲ್ಲ ಅಂದ್ಲು. ನಾ ಒಂದೀಟು ಮಗ್ಗಲ ಮನಿಗೆ ಹೋಗಿದ್ದೆ, ತಿರಗಿ ಬರೋದ್ರಾಗ ಜೀವ ಬಿಟ್ಟಿದ್ಲು."

ನಾನು ಎದ್ದು ಬಂದು ಅವರ ಪಕ್ಕ ಬೆಂಚಿನ ಮೇಲೆ ಕೂತೆ. ಕೌಂಟರಿನ ಮುಂದೆ ಜನ ಸಾಲು ನಿಂತಿದ್ದರು, ಪಕ್ಕದ ಹುಡುಗಿ ನನ್ನ ಕೆಲಸವನ್ನೂ ನೋಡಿಕೊಂಡಳು. ಆಮೇಲೆ ಖಾತೂನ್‌ಬಿ ನನ್ನತ್ತ ತಿರುಗಿ, "ಖರೇ ಹೇಳ್ರಿ ಅಕ್ಕಾರ. ಮೊದಲನೇ ಸಲ ಮನಿಗೆ ಬಂದಾಕಿ ನೀವಲ್ಲ, ಹೌದಲ್ಲ?" ಎಂದರು. "ನಿಮ್ಮ ಕೋಣಿ ಕಸಾ ಹೊಡಿಯೋ ಶಾಂತವ್ವ ಹೇಳಿದ್ಲು, ಅವತ್ತ ನೀವು ಮುಂಜಾನಿಂದ ಹಾವೇರಿಯೊಳಗ ಇದ್ರಿ ಅಂತ. ನಾ ಸೊಸಿ ಮುಂದ ಹೇಳ್ಲಿಲ್ಲ."

ಆ ವಿಷಯದಲ್ಲಿ ನಾನು ಮೊದಲ ಬಾರಿ ನಿಜ ಹೇಳಿದೆ. "ಅಲ್ಲ ಚಾಚಿ. ನಾನಲ್ಲ. ಯಾರಂತ ನನಗೂ ಗೊತ್ತಿಲ್ಲ."

ಅವರು ಹೆದರಲಿಲ್ಲ, ಆಶ್ಚರ್ಯಪಡಲೂ ಇಲ್ಲ. ಸಿಟ್ಟೂ ಇರಲಿಲ್ಲ ಅವರ ದನಿಯಲ್ಲಿ. ತಿಳಿಯದ್ದನ್ನು ತಿಳಿದವರಲ್ಲಿ ಕೇಳುವ ಹಾಗೆ ಕೇಳಿದರು. "ಹಂಗಾದ್ರ ಎರಡನೇ ಸಲ ಆಕಿನ್ನ ಯಾಕ ಕಳಸಲಿಲ್ಲ ನೀವು?"

ಅಷ್ಟರಲ್ಲಿ ಕಣ್ಣಿನ ಡಾಕ್ಟರ ಕೋಣೆಯಿಂದ ಅವರ ಹೆಸರು ಕೂಗಿದರು. ಸೆರಗು ಸರಿಮಾಡಿಕೊಂಡು ಎದ್ದು ಹೋದರು. ವಾಪಸು ಹೋಗುವಾಗ ನನ್ನ ಕಡೆ ನೋಡಲಿಲ್ಲ. ನಾನು ಅವರ ಪ್ರಶ್ನೆಯನ್ನು ಎಷ್ಟೋ ಸಲ ತಿರುವಿ ಹಾಕಿದ್ದೇನೆ. ಆಕೆ ಯಾರೆಂದು ನನಗೆ ಗೊತ್ತಿಲ್ಲ, ಎಲ್ಲಿಂದ ಬಂದಳೆಂದೂ ಗೊತ್ತಿಲ್ಲ. ಆಕೆಯನ್ನು ಕಳಿಸುವುದು ನನ್ನ ಕೈಯಲ್ಲಿತ್ತೋ ಇರಲಿಲ್ಲವೋ, ಅದೂ ಗೊತ್ತಿಲ್ಲ. ನಾನಂತೂ ಹೋಗಬಹುದಿತ್ತು. ರಾಣೆಬೆನ್ನೂರಿನಿಂದ ಬ್ಯಾಡಗಿಗೆ ದಿನವಿಡೀ ಬಸ್ಸುಗಳಿವೆ.