ಅಕ್ಕಾರು ಹಾಕಿಸಿದ್ದ ಪ್ರಶ್ನೆ

ಹೋದ ತಿಂಗಳು ಹಳೆಯ ಸರ್ವರ್ ಒಂದನ್ನು ಬಿಚ್ಚುತ್ತಿದ್ದಾಗ, ಡಿಸ್ಕ್ ಕೂರಿಸುವ ತಟ್ಟೆಯ ಮೇಲೆ ಬಿಳಿ ಅಂಟುಪಟ್ಟಿಯ ತುಂಡೊಂದು ಕಣ್ಣಿಗೆ ಬಿತ್ತು. ಗಾಯಕ್ಕೆ ಹಚ್ಚುವಂಥ ಪಟ್ಟಿ. ಅದರ ಮೇಲೆ ನೀಲಿ ಪೆನ್ನಿನಲ್ಲಿ ‘ಮುಂಡಗೋಡ – ೩’ ಎಂದಿತ್ತು. ಅಕ್ಷರ ನೋಡಿದ ಕೂಡಲೇ ನನ್ನ ಕೈ ನಿಂತಿತು. ಮೂರರ ಬಾಲವನ್ನು ಅಷ್ಟು ಉದ್ದ ಎಳೆಯುತ್ತಿದ್ದವರು ಅಕ್ಕಾರು ಒಬ್ಬರೇ.

ಹಳಿಯಾಳದ ಒಂದು ಶಿಕ್ಷಣ ಸಂಸ್ಥೆಯಲ್ಲಿ ನಾನು ಕೆಲಸಕ್ಕೆ ಸೇರಿದಾಗ ಕಂಪ್ಯೂಟರ್ ಕೋಣೆ ಅವರ ಉಸ್ತುವಾರಿಯಲ್ಲಿತ್ತು. ನಾನು ದಾಂಡೇಲಿಯವಳು, ಅಪ್ಪ ಕಾಗದದ ಕಾರ್ಖಾನೆಯಲ್ಲಿದ್ದರು. ಅಕ್ಕಾರು ಚಿಗಳ್ಳಿಯ ಕಡೆಯವರು, ಐವತ್ತು ದಾಟಿತ್ತು. ಹಣೆಯ ಮೇಲೆ ತೆಳ್ಳಗೆ ವಿಭೂತಿ, ಹೆಗಲಿಗೆ ಬಟ್ಟೆಯ ಚೀಲ, ಅದರಲ್ಲಿ ಬುತ್ತಿಯ ಜೊತೆಗೆ ಎರಡು ಸ್ಕ್ರೂಡ್ರೈವರ್. ಎಲ್ಲರೂ ಅಕ್ಕಾರ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ಸಂಸ್ಥೆಯ ಶಾಲೆಗಳು ಹಳಿಯಾಳ, ದಾಂಡೇಲಿ, ಜೊಯಿಡಾ, ಮುಂಡಗೋಡದಲ್ಲೆಲ್ಲ ಇದ್ದವು. ಎಲ್ಲಿ ಡಿಸ್ಕ್ ಕೆಟ್ಟರೂ, ಎಲ್ಲಿಗೆ ಹೊಸ ಯಂತ್ರ ಬಂದರೂ ಅಕ್ಕಾರು ಬಸ್ಸು ಹತ್ತುತ್ತಿದ್ದರು. ಯಂತ್ರದ ಮುಂದೆ ಕೂತು, ಯಾವ್ಯಾವ ಡಿಸ್ಕುಗಳು ಒಂದು ಗುಂಪಾಗಬೇಕೆಂದು ಒಂದೊಂದಾಗಿ ಆರಿಸಿ ರೇಡ್ ಕಟ್ಟಿ ಬರುತ್ತಿದ್ದರು. ಹಾಗೆ ಕಟ್ಟಿದ ಗುಂಪಿನಲ್ಲಿ ಒಂದು ಡಿಸ್ಕ್ ಸತ್ತರೂ ಅದರಲ್ಲಿದ್ದದ್ದು ಉಳಿದವುಗಳಿಂದ ಸಿಗುತ್ತದೆ.

“ಒಂದು ಹ್ವಾದ್ರ ಉಳದದ್ದು ಕಾಯ್ತಾವ,” ಎಂದು ಮೊದಲ ವಾರವೇ ಹೇಳಿಕೊಟ್ಟಿದ್ದರು. “ಆದ್ರ ನಾವ ಅಳಸಿದ್ವಿ ಅಂದ್ರ ಎಲ್ಲಾ ಕೂಡೇ ಅಳಸ್ತಾವ. ಇದನ್ನ ನಕಲು ಅಂತ ತಿಳಕೋಬ್ಯಾಡ.”

ಅವರಿಗೆ ಉಬ್ಬಸವಿತ್ತು. ಜೊಯಿಡಾಕ್ಕೆ ಹೋಗಿ ಬಂದ ದಿನ ಮೆಟ್ಟಿಲ ಮೇಲೇ ಕೂತುಬಿಡುತ್ತಿದ್ದರು. ಅಂಥ ಒಂದು ದಿನ ಅವರೇ ಕೇಳಿದರು, “ಕುಂತಲ್ಲಿಂದನ ಇದನ್ನ ಮಾಡೂ ಹಂಗ ಏನರ ಬರೀಲಿಕ್ಕೆ ಬರ್ತೈತೇನು?”

ಬರುತ್ತಿತ್ತು. ಸರ್ವರಿನೊಳಗೆ ಅದರ ಮೇಲ್ವಿಚಾರಣೆಗೆಂದೇ ಇನ್ನೊಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಹೊರಗಿನ ಆಜ್ಞೆ ಸ್ವೀಕರಿಸಲೆಂದೇ ಇರುವ ಅದರ ಮ್ಯಾನೇಜ್‌ಮೆಂಟ್ ಎಪಿಐಗೆ ನೆಟ್‌ವರ್ಕಿನ ಮೂಲಕ ಆಜ್ಞೆ ಕಳಿಸಿದರೆ ಸಾಕು, ಹಳೆಯ ಗುಂಪು ಅಳಿಸಿ ಹೊಸದು ಕಟ್ಟುತ್ತದೆ. ನಾನು ಮೂರು ವಾರ ಕೂತು ಪ್ರೋಗ್ರಾಂ ಬರೆದೆ. ಅಕ್ಕಾರು ಪಕ್ಕದಲ್ಲಿ ಕೂತು ಪ್ರತಿ ಸಾಲಿನ ಅರ್ಥ ಕೇಳಿ ತಿಳಿದುಕೊಂಡರು. ಕೊನೆಗೆ ಒಂದೇ ಒಂದು ಬೇಡಿಕೆ ಇಟ್ಟರು. ಅಳಿಸುವ ಮೊದಲು ಪ್ರೋಗ್ರಾಂ ನಿಲ್ಲಬೇಕು, ಯಂತ್ರದ ಸೀರಿಯಲ್ ನಂಬರ್ ತೋರಿಸಬೇಕು, ‘ಇದೇ ಹೌದೇ?’ ಎಂದು ಕೇಳಬೇಕು. ಆ ನಂಬರನ್ನು ಕಾಗದದಲ್ಲಿ ತಾಳೆ ನೋಡಿ ಮನುಷ್ಯರೇ ಕೈಯಿಂದ ಟೈಪ್ ಹೊಡೆಯಬೇಕು.

“ಆಟೋಮೆಟಿಕ್ ಅಂದಮ್ಯಾಲೆ ನಡುವ ನಿಂತು ಕೇಳೂದು ಯಾಕ್ರಿ ಅಕ್ಕಾರ?” ಎಂದಿದ್ದೆ.

“ಕೇಳ್ಲಿ. ಅದಕ್ಕೇನು ಅವಸರ ಐತಿ?”

ಹಾಕಿದೆ. ನಾಲ್ಕು ತಿಂಗಳು ಹಾಗೇ ನಡೆಯಿತು. ಅವರ ಬಸ್ಸಿನ ಓಡಾಟ ಕಡಿಮೆಯಾಯಿತು. ಮುಂಡಗೋಡಕ್ಕೆ ಮಾತ್ರ ಕೆಲಸವಿರಲಿ ಬಿಡಲಿ ಹದಿನೈದು ದಿನಕ್ಕೊಮ್ಮೆ ಹೋಗಿಬರುತ್ತಿದ್ದರು. ಯಾಕೆಂದು ನಾನು ಕೇಳಲಿಲ್ಲ...

ಆಮೇಲೆ ಒಂದೇ ಸಲ ಆರು ಹೊಸ ಯಂತ್ರ ಬಂದವು. ಶನಿವಾರ ಮಧ್ಯಾಹ್ನ, ಅಕ್ಕಾರು ರಜೆಯಲ್ಲಿದ್ದರು. ಆರು ಸಲ ನಿಂತು ನಂಬರ್ ಹೊಡೆಯುವುದು ನನಗೆ ಬೇಸರ ತಂದಿತು. ಆ ಪ್ರಶ್ನೆಯನ್ನು ತೆಗೆದು ಪ್ರೋಗ್ರಾಂ ಓಡಿಸಿ ಮನೆಗೆ ಹೋದೆ. ಮುಂಡಗೋಡಕ್ಕೆ ಹೋಗಬೇಕಿದ್ದ ಹೊಸ ಯಂತ್ರದ ನೆಟ್‌ವರ್ಕ್ ವಿಳಾಸದ ಬದಲು, ಅಲ್ಲಿ ಆಗಲೇ ನಡೆಯುತ್ತಿದ್ದ ಹಳೆಯ ಯಂತ್ರದ ವಿಳಾಸವನ್ನು ಪ್ರೋಗ್ರಾಮಿಗೆ ಕೊಡುವ ಪಟ್ಟಿಯಲ್ಲಿ ತಪ್ಪಿ ಬರೆದಿದ್ದೆ. ಡಿಸ್ಕುಗಳನ್ನು ಪೂರ್ತಿ ಒರೆಸುವ ಆಜ್ಞೆಯೂ ಪ್ರೋಗ್ರಾಮಿನಲ್ಲಿತ್ತು.

ಸೋಮವಾರ ಬೆಳಗ್ಗೆ ಮುಂಡಗೋಡದಿಂದ ಫೋನ್ ಬಂತು. ಕಣ್ಣು ಕಾಣದ ಮಕ್ಕಳಿಗೆ ಕೇಳಿಸುವ ಪಾಠಗಳು ಸಿಗುತ್ತಿಲ್ಲ ಎಂದರು. ಐದನೆಯದರಿಂದ ಹತ್ತನೆಯ ತರಗತಿಯವರೆಗೆ ಅಷ್ಟೂ ಪುಸ್ತಕಗಳನ್ನು ಯಾರೋ ಓದಿ ರೆಕಾರ್ಡ್ ಮಾಡಿದ್ದರು. ಅದರ ಪ್ರತಿ ಬೇರೆಲ್ಲೂ ಇರಲಿಲ್ಲ. ಪ್ರತಿ ಇಡಲು ಡಿಸ್ಕ್ ಬೇಕೆಂದು ಅಕ್ಕಾರು ಎರಡು ಸಲ ಬರೆದು ಕೊಟ್ಟಿದ್ದರು, ಬಂದಿರಲಿಲ್ಲ.

ಅಕ್ಕಾರು ನನ್ನ ಪರದೆ ನೋಡಿದರು. ಪ್ರಶ್ನೆ ಇರಬೇಕಿದ್ದ ಜಾಗ ನೋಡಿದರು. ಡಿಸ್ಕುಗಳನ್ನು ತರಿಸಿ ನಾಲ್ಕು ದಿನ ಏನಾದರೂ ಉಳಿದಿದೆಯೇ ಎಂದು ಹುಡುಕಿದರು. ಏನೂ ಉಳಿದಿರಲಿಲ್ಲ.

ಐದನೆಯ ದಿನ ಕಾರ್ಯದರ್ಶಿಯವರು ಇಬ್ಬರನ್ನೂ ಕರೆಸಿ ಕೇಳಿದರು, “ಯಾರು ಮಾಡಿದ್ರು ಇದನ್ನ?”

‘ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕಾರು ಮಾತಾಡಿದರು’ ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಸಾಕಷ್ಟು ಹೊತ್ತು ಸಿಕ್ಕಿತ್ತು. ನಾನು ನೆಲ ನೋಡುತ್ತ ನಿಂತಿದ್ದೆ.

“ಕೋಣಿ ನನ್ನ ಕೈಯಾಗ ಐತ್ರಿ,” ಎಂದರು ಅಕ್ಕಾರು. “ಜವಾಬ್ದಾರಿನೂ ನಂದರಿ.”

ಅವರನ್ನು ಮುಂಡಗೋಡದ ಶಾಲೆಯ ಗ್ರಂಥಾಲಯಕ್ಕೆ ಹಾಕಿದರು. ಕಂಪ್ಯೂಟರ್ ಕೋಣೆಯ ಬೀಗದ ಕೈ ನನಗೆ ಬಂತು.

ಎರಡು ತಿಂಗಳು ಮುಖ ತೋರಿಸುವ ಧೈರ್ಯವಾಗಲಿಲ್ಲ. ಕೊನೆಗೊಂದು ದಿನ ಹೋದೆ. ಗ್ರಂಥಾಲಯದ ಹಿಂದಿನ ಸಣ್ಣ ಕೋಣೆಯಲ್ಲಿ, ಹೊರಗಿನ ಸಪ್ಪಳ ಬರದಂತೆ ಗೋಡೆಗೆಲ್ಲ ಕೌದಿ ತೂಗುಹಾಕಿ, ಮೈಕಿನ ಮುಂದೆ ಕೂತು ಅಕ್ಕಾರು ಆರನೆಯ ತರಗತಿಯ ಪಾಠ ಓದುತ್ತಿದ್ದರು. ಎರಡು ಸಾಲಿಗೊಮ್ಮೆ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಿದ್ದರು.

“ನೀವ್ಯಾಕ ಇಷ್ಟು ತ್ರಾಸ್ ತಗೋತೀರಿ?” ಎಂದೆ. “ಮೊದಲ ಓದಿದವರು ಯಾರ್ರಿ? ಅವರನ್ನ ಇನ್ನೊಮ್ಮೆ ಓದ್ರಿ ಅಂತ ಕೇಳೂಣಲ್ಲ.”

ಅಕ್ಕಾರು ಪುಸ್ತಕದ ಹಾಳೆಯ ಮೂಲೆ ಮಡಚಿ ಮುಚ್ಚಿಟ್ಟರು. “ನಮ್ಮ ಮನಿಯವರು,” ಎಂದರು. “ಇದ ಸಾಲಿಯಾಗ ಕನ್ನಡ ಕಲಸ್ತಿದ್ರು. ಅವರು ಹೋಗಿ ಎಂಟು ವರ್ಷಾತು.”

ಹದಿನೈದು ದಿನಕ್ಕೊಮ್ಮೆ ಅವರು ಇಲ್ಲಿಗೆ ಬರುತ್ತಿದ್ದುದು ಯಾಕೆಂದು ಆಗ ತಿಳಿಯಿತು... ನಾನು ಅತ್ತೆ. ಕಾರ್ಯದರ್ಶಿಯವರಿಗೆ ಇವತ್ತೇ ಎಲ್ಲ ಹೇಳುತ್ತೇನೆ ಎಂದೆ.

“ಹೇಳಿ ಏನ್ ಮಾಡ್ತಿ? ಇಬ್ಬರೂ ಹೊರಗ ಕುಂದ್ರೂಣೇನು?” ನೀರಿನ ಲೋಟ ನನ್ನ ಕಡೆ ಸರಿಸಿದರು. “ಆ ಪ್ರಶ್ನೆ ಮತ್ತ ಹಾಕಿದಿ?”

“ಹಾಕೇನ್ರಿ.”

“ತೆಗೀಬ್ಯಾಡ.” ಪುಸ್ತಕವನ್ನು ಮತ್ತೆ ಬಿಚ್ಚುತ್ತ ತಮಗೇ ಎಂಬಂತೆ ಹೇಳಿದರು, “ನನ್ನ ಕಿವ್ಯಾಗ ಅವರ ಧ್ವನಿ ಐತಿ. ಹುಡುಗ್ರ ಕಿವ್ಯಾಗ ಇರಬೇಕಾಗಿತ್ತು.”

ಒಂಬತ್ತನೆಯ ತರಗತಿಯವರೆಗೆ ಓದಿ ಮುಗಿಸಿದರು. ಹತ್ತನೆಯದರಲ್ಲಿ ನಾಲ್ಕು ಪಾಠ ಓದಿದ್ದರು. ಆ ವರ್ಷದ ಮಳೆಗಾಲದಲ್ಲಿ ಉಬ್ಬಸ ಹೆಚ್ಚಾಗಿ ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದರು. ತಿರುಗಿ ಬರಲಿಲ್ಲ. ಅವರನ್ನು ಮಣ್ಣು ಮಾಡಲು ಹೋದಾಗ ಕಾರ್ಯದರ್ಶಿಯವರೂ ಬಂದಿದ್ದರು, ನನ್ನ ಪಕ್ಕದಲ್ಲೇ ನಿಂತಿದ್ದರು. ಆಗಲೂ ನಾನು ಹೇಳಲಿಲ್ಲ. ಅಕ್ಕಾರೇ ಬೇಡವೆಂದಿದ್ದಾರೆ ಎಂಬ ನೆಪ ನನಗಿತ್ತು.

ಮೊನ್ನೆ ಮುಂಡಗೋಡದ ಶಾಲೆಗೆ ಕೆಲಸದ ಮೇಲೆ ಹೋಗಿದ್ದೆ. ಹಳೆಯ ವಿದ್ಯಾರ್ಥಿಯೊಬ್ಬರು ಕೋಲು ಹಿಡಿದು, ಹೆಂಡತಿಯೊಂದಿಗೆ ಬಂದಿದ್ದರು. ಕಣ್ಣು ಕಾಣುವುದಿಲ್ಲ, ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ಟೆಲಿಫೋನ್ ನೋಡಿಕೊಳ್ಳುತ್ತಾರಂತೆ. ಕನ್ನಡ ಕಲಿಸುತ್ತಿದ್ದ ಸರ್ ಓದಿದ ಪಾಠ ಒಂದಾದರೂ ಕೇಳಿಸಿಕೊಂಡು ಹೋಗಬೇಕೆಂದು ಬಂದಿದ್ದರು.

“ಸರ್ ಹಾಳಿ ತಿರುವೂ ಸಪ್ಪಳಾನೂ ಕೇಳ್ತಿತ್ತು,” ಎಂದರು ಹೆಂಡತಿಯ ಕಡೆ ತಿರುಗಿ. “ದೊಡ್ಡ ಧ್ವನಿ ಅಲ್ಲ. ಬಾಜೂಕ ಕುಂತು ಓದಿದಂಗ ಇರ್ತಿತ್ತು.”

ನಾನು ಆ ಧ್ವನಿಯನ್ನು ಒಮ್ಮೆಯೂ ಕೇಳಿದವಳಲ್ಲ.

“ಅದು ಈಗಿಲ್ರಿ,” ಎಂದೆ. “ನನ್ನ ಕೈಲೆ ಅಳಸಿ ಹೋತ್ರಿ. ಅಕ್ಕಾರದಲ್ಲ, ನಂದ ತಪ್ಪು.”

ಅವರು ಕೂತಲ್ಲೇ ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ, ಬಸ್ಸಿಗೆ ಹೊತ್ತಾಯಿತೆಂದು ಎದ್ದರು.