ಅಪ್ಪನ ಮಲ್ಟಿಮೀಟರ್ ಮತ್ತು ಹಸಿರು ಬಿಲ್ಲೆ

ಅಪ್ಪ ಮುಂಬೈಯ ಕಾಂದಿವಲಿಯಲ್ಲಿ, ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ವೈರ್‌ಮನ್. ಧಾರವಾಡ ಬಿಟ್ಟು ಬಂದು ಸಯನ್‌ನಲ್ಲಿ ಮನೆ ಮಾಡಿದ ಮೇಲೂ ಅವರ ಮಾತು ಬದಲಾಗಲಿಲ್ಲ, ಪ್ಲಾಸ್ಟಿಕ್ ಮೇಲಿನ ನಂಬಿಕೆಯೂ ಬದಲಾಗಲಿಲ್ಲ. ತಂತಿಗೆ ಸುತ್ತಿದ ಪ್ಲಾಸ್ಟಿಕ್ಕೇ ಇಷ್ಟು ವರ್ಷ ತಮ್ಮ ಜೀವ ಕಾಯ್ದದ್ದು ಎನ್ನುತ್ತಿದ್ದರು. ಕರೆಂಟ್ ಹರಿಯುವ ಪ್ಲಾಸ್ಟಿಕ್ ಮಾಡುವುದೇ ನನ್ನ ಪಿಎಚ್‌ಡಿ ಕೆಲಸ ಎಂದಾಗ ನಕ್ಕುಬಿಟ್ಟರು.

"ಪ್ಲಾಸ್ಟಿಕ್‌ನ್ಯಾಗ ಕರೆಂಟ್ ಹರಿದಿದ್ರ ನಾ ಇಷ್ಟೊತ್ತಿಗೆ ಗ್ವಾಡಿ ಮ್ಯಾಲೆ ಫೋಟೋ ಆಗಿರ್ತಿದ್ದೆ."

"ಹಂಗಾರ ಬಂದು ನೋಡ್ರಿ," ಎಂದೆ.

ಒಂದು ಶನಿವಾರ ನನ್ನ ಲ್ಯಾಬಿಗೆ ಬಂದೇಬಿಟ್ಟರು. ಚೀಲದಲ್ಲಿ ತಮ್ಮದೇ ಮಲ್ಟಿಮೀಟರ್ ಇತ್ತು. ನಮ್ಮ ಮೀಟರಿನ ಮೇಲೆ ಅವರಿಗೆ ಭರವಸೆ ಇರಲಿಲ್ಲ.

ಟೈಟಾನಿಯಂ ಡೈಆಕ್ಸೈಡ್ ಎಂದರೆ ಗೋಡೆಯ ಬಣ್ಣಕ್ಕೂ ಬೆರೆಸುವ ಬಿಳಿ ಪುಡಿ. ಅದರ ಕಣಗಳ ಸುತ್ತ ಪ್ಲಾಸ್ಟಿಕ್ ಬೆಳೆಸಲೆಂದು ಅದನ್ನು ಆಮ್ಲದಲ್ಲಿ ಕದಡಿ, ಅನಿಲಿನ್ ಎಂಬ ಎಣ್ಣೆಯಂಥ ದ್ರವ ಸೇರಿಸಿ, ಬೀಕರನ್ನು ಐಸಿನಲ್ಲಿ ಇಟ್ಟಿದ್ದೆ. ಹಿಂದೆ ಎರಡು ಸಲ ಅವಸರ ಮಾಡಿ ಕೆಡಿಸಿದ್ದರಿಂದ ಈ ಬಾರಿ ಅನಿಲಿನ್ನನ್ನು ಪ್ಲಾಸ್ಟಿಕ್ಕಾಗಿ ಬೆಸೆಯುವ ದ್ರಾವಣವನ್ನು ಹನಿಹನಿಯಾಗಿ ಬಿಟ್ಟೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹಾಲಿನಂಥ ಬಿಳುಪಿನಲ್ಲಿ ನೀಲಿ ಹರಡಿತು. ನೋಡನೋಡುತ್ತ ಕಡುಹಸಿರಾಯಿತು.

"ನೀ ಏನೂ ಬಣ್ಣ ಹಾಕಲಿಲ್ಲಲಾ?"

"ಇಲ್ರೀ ಅಪ್ಪಾ, ತಾನಾಗೇ ಆತು."

ಸೋಸಿ, ತೊಳೆದು, ಒಣಗಿಸಿ, ಪುಡಿಯನ್ನು ಒತ್ತಿ ಬಿಲ್ಲೆ ಮಾಡುವಷ್ಟರಲ್ಲಿ ಸೋಮವಾರವಾಯಿತು. ಅಪ್ಪ ರಜೆ ಹಾಕಿ ಮತ್ತೆ ಬಂದರು. ಅಂಗಿಯ ಗುಂಡಿಯಷ್ಟಿದ್ದ ಬಿಲ್ಲೆಗೆ ಮೀಟರಿನ ಎರಡೂ ಕಡ್ಡಿ ತಾಗಿಸಿದರು. ಅಂಕಿ ಮೂಡಿತು. ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಸ್ಕೇಲಿಗೆ ತಾಗಿಸಿದರು, ಏನೂ ಬರಲಿಲ್ಲ. ಮತ್ತೆ ಬಿಲ್ಲೆಗೆ ತಾಗಿಸಿದರು.

"ಹರೀತದವ್ವಾ," ಎಂದು ಪಿಸುಗುಟ್ಟಿದರು.

ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದೆ. ಆದರೂ ಅಪ್ಪನ ಮೀಟರಿನಲ್ಲಿ ಆ ಅಂಕಿ ನೋಡಿದಾಗ ಹೊಸದೆನಿಸಿತು.

ಆಮೇಲೆ ಅಮೋನಿಯಾ ಬಾಟಲಿಯ ಮುಚ್ಚಳ ತೆರೆದು ಬಿಲ್ಲೆಯ ಹತ್ತಿರ ಹಿಡಿದೆ. ಮೀಟರಿನಲ್ಲಿ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಬರುವ ತಡೆ, ಸರಸರನೆ ಏರಿತು. ಮುಚ್ಚಿ ದೂರ ಇಟ್ಟಾಗ ನಿಧಾನವಾಗಿ ಇಳಿಯಿತು. ಗಾಳಿಯಲ್ಲಿದ್ದ ಅಮೋನಿಯಾ ಬಿಲ್ಲೆಗೆ ಗೊತ್ತಾಗಿತ್ತು.

"ನಮ್ಮ ಎಸ್ಟೇಟಿನ ಕೋಲ್ಡ್ ಸ್ಟೋರೇಜ್‌ನ್ಯಾಗ ಈ ಗ್ಯಾಸ್ ಸೋರಿದಾಗ ಕಣ್ಣು ಉರಿದ ಮ್ಯಾಲೇ ನಮಗ ಗೊತ್ತಾಗಿತ್ತು," ಎಂದರು ಅಪ್ಪ. "ಇದು ವಾಸನಿ ಹಿಡೀತದಲ್ಲವ್ವಾ!"

ಊಟದ ಹೊತ್ತು ಮೀರಿದರೂ ಅವರು ಏಳಲಿಲ್ಲ. "ಇನ್ನೊಂದ್ಸಲ ಮಾಡು," ಎನ್ನುತ್ತ ನಾಲ್ಕು ಸಲ ಮಾಡಿಸಿದರು.

ಮನೆಗೆ ಮರಳುವಾಗ ಲೋಕಲ್ ರೈಲಿನಲ್ಲಿ ಪಕ್ಕದ ಸೀಟಿನ ಅಪರಿಚಿತನ ತೋಳು ತಟ್ಟಿದರು.

"ಭಾಯಿಸಾಬ್, ಪ್ಲಾಸ್ಟಿಕ್ ಮೇ ಭೀ ಕರೆಂಟ್ ಜಾತಾ ಹೈ. ಮೈನೇ ಖುದ್ ದೇಖಾ."

ಪ್ಲಾಸ್ಟಿಕ್‌ನಲ್ಲೂ ಕರೆಂಟ್ ಹರಿಯುವುದನ್ನು ಇವರು ಕಣ್ಣಾರೆ ಕಂಡರೆಂಬ ಮಾತಿಗೆ ಆತ ಕಿವಿಯಿಂದ ಇಯರ್‌ಫೋನ್ ತೆಗೆದು ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ.