ಒಂದು ನಂಬರಿಗೆ ಒಬ್ಬ ರೈತ

ಪಾಂಡವಪುರದಲ್ಲಿ ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ ನಾವು ಮೂವರು ಒಂದು ಆಪ್ ಮಾಡುತ್ತಿದ್ದೆವು. ಭತ್ತ ಕೊಯ್ಯುವ ಮೆಷಿನ್ನು ಯಾರ ಗದ್ದೆಗೆ ಯಾವತ್ತು ಎಂದು ಅದು ಸರದಿ ಹಾಕಬೇಕು, ರೈತನಿಗೆ ಮೆಸೇಜು ಕಳಿಸಬೇಕು. ಒಬ್ಬ ಬರೆದ ಕೋಡನ್ನು ಉಳಿದಿಬ್ಬರು ಓದಿ ಒಪ್ಪಬೇಕೆಂಬುದು ನಿಯಮ. ಓದುವುದೆಂದರೆ ನಮ್ಮಲ್ಲಿ ಪರದೆಯನ್ನು ಕೆಳಗಿನವರೆಗೆ ಜಾರಿಸಿ ಹೆಬ್ಬೆಟ್ಟಿನ ಚಿತ್ರ ಒತ್ತುವುದು.

ಮೂವರಲ್ಲಿ ಮುಖ್ಯಸ್ಥನಾದವನು ನಾಗಮಂಗಲದವನು. ಒಂದು ಫೋನ್ ನಂಬರೆಂದರೆ ಒಬ್ಬ ರೈತ ಎಂದು ಕೋಡಿನಲ್ಲಿ ಬರೆದಿದ್ದ. ಅದೇ ನಂಬರು ಮತ್ತೆ ಬಂದರೆ ಹಳೆಯ ಹೆಸರು ಅಳಿಸಿ ಹೊಸದು ಕೂರುತ್ತದೆ. ಕಿಕ್ಕೇರಿ ಹತ್ತಿರದ ನನ್ನ ಚಿಕ್ಕಪ್ಪನ ಊರಿನಲ್ಲಿ ಅರ್ಧ ಬೀದಿ ಎಲ್ಲದಕ್ಕೂ ಹಿಟ್ಟಿನ ಮಿಲ್ಲಿನವನ ನಂಬರನ್ನೇ ಕೊಡುತ್ತದೆ. ಅವನು ಸದಾ ಅಲ್ಲೇ ಇರುತ್ತಾನೆ. ಯಾರಿಗೆ ಫೋನು ಬಂದರೂ ಬಾಗಿಲಿಗೆ ಬಂದು ಕೂಗುತ್ತಾನೆ. ನಮ್ಮ ಆಪಿಗೆ ಚಿಕ್ಕಪ್ಪ ಕೊಟ್ಟಿದ್ದೂ ಅದನ್ನೇ.

“ಒಂದ್ ನಂಬರ್ಗೆ ಹತ್ತು ಜನ ಇರ್ತಾರೆ ಕಣ್ಲಾ,” ಅಂದೆ.

“ಯಾವ್ ಕಾಲ್ದಲ್ಲಿದ್ದೀಯ ನೀನು? ಎಲ್ರ ಜೇಬಲ್ಲೂ ಎರಡೆರಡು ಫೋನವೆ. ಮದ್ವೆ ಮನೆಗೋದ್ರೂ ಚಪ್ಪರ ಬೀಳ್ತದೆ ಅಂತೀಯ.”

ಕೆ.ಆರ್.ಪೇಟೆಯ ಇನ್ನೊಬ್ಬ ನಕ್ಕ. ಅಥವಾ ನಗಲಿಲ್ಲವೋ ಏನೋ. ಅವನು ನಕ್ಕನೆಂದು ನೆನೆಯುವುದು ನನಗೆ ಅನುಕೂಲ. ಓದದೆ ಹೆಬ್ಬೆಟ್ಟು ಒತ್ತಿದ್ದಂತೂ ನಿಜ. ಅವನ ಇನ್ನೊಂದು ಕೈಯಲ್ಲಿ ಮದ್ದೂರು ವಡೆ ಇತ್ತು, ಕಣ್ಣು ಅದರ ಮೇಲೇ ಇತ್ತು.

ನಾನು ಉದ್ದಕ್ಕೆ ಆಕ್ಷೇಪ ಬರೆದು ಹಟ ಹಿಡಿದೆನೆಂದೇ ಇಷ್ಟು ದಿನ ನಂಬಿದ್ದೆ. ಮೊನ್ನೆ ಆ ಕೋಡು ತೆಗೆದು ನೋಡಿದರೆ ಇರುವುದು ಒಂದೇ ಸಾಲು: “ಒಂದೇ ನಂಬರು ಇಬ್ಬರದಾದರೆ?” ಅದರ ಕೆಳಗೆ ನನ್ನದೇ ಹೆಬ್ಬೆಟ್ಟು.

ಸುಗ್ಗಿಯಲ್ಲಿ ಮೆಷಿನ್ನು ಚಿಕ್ಕಪ್ಪನ ಊರಿಗೆ ಬಂತು. ನಮ್ಮ ಪಟ್ಟಿಯಲ್ಲಿ ಆ ಅರ್ಧ ಬೀದಿ ಒಬ್ಬನೇ ರೈತನಾಗಿತ್ತು, ಕೊನೆಗೆ ಹೆಸರು ಬರೆಸಿದವನು. ಅವನ ಗದ್ದೆ ಕೊಯ್ದು ಮೆಷಿನ್ನು ಮುಂದಿನ ಊರಿಗೆ ಹೋಯಿತು. ಮತ್ತೆ ಈ ಕಡೆ ಬರುವುದಿಲ್ಲ. ಚಿಕ್ಕಪ್ಪನ ಭತ್ತ ಮಾಗಿ ನಿಂತಿತ್ತು. ಗಾಳಿ ಬೀಸಿದರೆ ಕಾಳು ಉದುರುತ್ತಿತ್ತು.

ಸುದ್ದಿ ತಿಳಿದು ಓಡಿದೆ. ಬದುವಿನ ಮೇಲೆ ನಿಂತು, “ಇಂಗಾಯ್ತದೆ ಅಂತ ಅವತ್ತೇ ಅಂದಿದ್ದೆ ಚಿಕ್ಕಪ್ಪ, ಆ ದಡ್ಡರು ಕೇಳ್ಲಿಲ್ಲ,” ಅಂದೆ. ಹೇಳುವಾಗ ನನ್ನ ದನಿಯಲ್ಲಿ ಗೆದ್ದವನ ಗತ್ತಿತ್ತು. ಅದು ಇವತ್ತಿಗೂ ನನಗೆ ಅಸಹ್ಯ.

“ಮೊದ್ಲೇ ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತು.”

“ಅಂಗಾರೆ ನಂಗ್ಯಾಕ್ಲಾ ಯೋಳ್ನಿಲ್ಲ?”

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಕೋಡಿನಲ್ಲಿ ತಪ್ಪು ಕಂಡಿತ್ತು, ಕೋಡಿನವರಿಗೆ ಹೇಳಿದ್ದೆ, ಮುಗಿದಿತ್ತು.

“ಸರಿ, ಸುಮ್ನೆ ನಿಂತ್ಕಬ್ಯಾಡ. ಇನ್ನೊಂದು ಕುಡ್ಲು ಅದೆ, ತಗೊ,” ಅಂದು ಅವರು ಗದ್ದೆಗಿಳಿದರು. ಕುಡುಗೋಲು ಹಿಡಿದು ನಾನೂ ಇಳಿದೆ. ಹದ ತಪ್ಪಿದ ತೆನೆಯನ್ನು ಅಲುಗದಂತೆ ಹಿಡಿದು ಕೊಯ್ಯಬೇಕು. ನನಗೆ ಅದು ಬರುವುದಿಲ್ಲ. ನನ್ನ ಸಾಲಿನಲ್ಲಿ ಕೈಗೆ ಬಂದದ್ದಕ್ಕಿಂತ ನೆಲಕ್ಕೆ ಉದುರಿದ್ದೇ ಹೆಚ್ಚು.